ಚೆಕ್‌ರೋಲಿನಿಂದ ಹೆಸರು ಹೋದರೆ, ಏಣಿಯಿಂದ ಬಿದ್ದರೆ: ತೋಟದ ಕೆಲಸಗಾರರ ಕೈಯಲ್ಲಿ ಯಾವ ಕಾನೂನಿದೆ

ಕೊಡಗಿನ ತೋಟಗಳಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯುವುದಕ್ಕೆ ಸಾಮಾನ್ಯವಾಗಿ ಕಾಗದವೇ ಇರುವುದಿಲ್ಲ. ಬೆಳಿಗ್ಗೆ ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ಹಾಜರಿ ಕರೆಯುವಾಗ ರೈಟರ್ (ತೋಟದ ಗುಮಾಸ್ತರು) ಒಂದು ಹೆಸರು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಕೇಳಿದರೆ "ನಾಳೆಯಿಂದ ಬರುವುದು ಬೇಡವಂತೆ" ಎನ್ನುವ ಉತ್ತರ ಸಿಗುತ್ತದೆ. ಹಾಗೆ ಬಿಟ್ಟುಹೋಗುವ ಹೆಸರು ಎಷ್ಟೋ ಸಲ ಹಿಂದಿನ ವಾರ ಏನನ್ನೋ ಕೇಳಿದವರದು. ಔಷಧಿ ಹೊಡೆಯಲು ಕೈಗವಸು ಬೇಕು ಎಂದವರು, ಕರೆಂಟ್ ತಂತಿಯ ಪಕ್ಕದ ಮರಕ್ಕೆ ಏಣಿ ಹಾಕುವುದಿಲ್ಲ ಎಂದವರು, ಬಿದ್ದು ಕೈ ಮುರಿದುಕೊಂಡು ಎರಡು ತಿಂಗಳ ಮೇಲೆ ವಾಪಸ್ ಬಂದವರು. ಹಾಗಾಗಿ ಅನ್ಯಾಯದ ವಜಾ ಮತ್ತು ಕೆಲಸದ ಜಾಗದ ಸುರಕ್ಷತೆಯನ್ನು ಒಟ್ಟಿಗೇ ನೋಡಬೇಕು. ಎರಡರಲ್ಲೂ ಮೊದಲ ಹದಿನೈದು ದಿನದಲ್ಲಿ ಉಳಿಸಿಕೊಂಡ ಚೀಟಿಗಳು ಕೊನೆಯವರೆಗೂ ಕೈ ಹಿಡಿಯುತ್ತವೆ.

ಮೊದಲು ಕಾನೂನಿನ ಹೆಸರುಗಳು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತಿವೆ. ವಜಾ ವಿಚಾರ ಹಿಂದೆ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು, ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿದೆ. ತೋಟಗಳಿಗೇ ಮಾಡಿದ್ದ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ. 1923ರ ನೌಕರರ ಪರಿಹಾರ ಕಾಯ್ದೆ ಮತ್ತು ಗ್ರಾಚ್ಯುಟಿ ಎರಡೂ ಸಾಮಾಜಿಕ ಭದ್ರತಾ ಸಂಹಿತೆಗೆ ಹೋಗಿವೆ. ಹೆಸರು ಬದಲಾದರೂ ಹಕ್ಕುಗಳ ತಿರುಳು ಬಹುಮಟ್ಟಿಗೆ ಹಳೆಯದೇ. ಬದಲಾಗಿರುವುದು ಗಡುವುಗಳು, ಮತ್ತು ಗಡುವು ತಪ್ಪಿದರೆ ಹಕ್ಕಿದ್ದೂ ಕೈಗೆ ಸಿಗುವುದಿಲ್ಲ.

"ತಾನೇ ಬಿಟ್ಟು ಹೋದ" ಎನ್ನುವ ಮಾತು

ಕೆಲಸದಿಂದ ತೆಗೆದ ಪ್ರಕರಣಗಳಲ್ಲಿ ಮಾಲೀಕರ ಕಡೆಯಿಂದ ಅತಿ ಹೆಚ್ಚು ಕೇಳಿಬರುವ ವಾದ ಇದು: ನಾವು ತೆಗೆದಿಲ್ಲ, ಅವನೇ ಬರುವುದು ನಿಲ್ಲಿಸಿದ. ಬಾಯಿಮಾತಿನಲ್ಲಿ ತೆಗೆದಿದ್ದಕ್ಕೆ ಸಾಕ್ಷಿ ಇರುವುದಿಲ್ಲವಾದ್ದರಿಂದ ಈ ವಾದ ಸುಲಭವಾಗಿ ನಿಂತುಬಿಡುತ್ತದೆ. ಇದನ್ನು ಮುರಿಯುವ ದಾರಿ ಒಂದೇ. ಹಾಜರಿ ಕೊಡದ ದಿನವೇ, ಹೆಚ್ಚೆಂದರೆ ಎರಡು ಮೂರು ದಿನದೊಳಗೆ, ತೋಟದ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹೋಗಬೇಕು. ನಾಲ್ಕು ಸಾಲು ಸಾಕು: "ಇಂಥ ತಾರೀಖು ಬೆಳಿಗ್ಗೆ ಇಷ್ಟು ಗಂಟೆಗೆ ಕೆಲಸಕ್ಕೆ ಬಂದೆ. ನನ್ನ ಹಾಜರಿ ಹಾಕಲಿಲ್ಲ. ನಾನು ಕೆಲಸ ಬಿಟ್ಟಿಲ್ಲ. ಕೆಲಸ ಮಾಡಲು ಸಿದ್ಧನಿದ್ದೇನೆ, ಕೆಲಸ ಕೊಡಿ." ಪತ್ರದ ಒಂದು ಪ್ರತಿ, ಅಂಚೆಯ ರಸೀದಿ, ತಲುಪಿದ್ದಕ್ಕೆ ದಾಖಲೆ, ಈ ಮೂರನ್ನೂ ಒಂದೇ ಕವರಿನಲ್ಲಿಡಿ. ಆರು ತಿಂಗಳ ನಂತರ "ತಾನೇ ಹೋದ" ಎನ್ನುವವರ ಎದುರು ಈ ಕವರಿಗಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಗೈರುಹಾಜರಾದರು ಎಂದು ನೋಟಿಸಿಲ್ಲದೆ, ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ನಿಜವಾಗಿ ಯಾರಾದರೂ ಬಿಟ್ಟು ಹೋಗಿದ್ದರೆ ಮಾಲೀಕರು ಕೆಲಸಕ್ಕೆ ಮರಳುವಂತೆ ಬರೆದು ಕೇಳಿರಬೇಕು. ಅಂಥ ಒಂದು ನೋಟಿಸೂ ಇಲ್ಲದಿದ್ದರೆ ವಾದ ಸೊರಗುತ್ತದೆ. ಇನ್ನೊಂದು ಎಚ್ಚರಿಕೆ: ಲೆಕ್ಕ ಚುಕ್ತಾ ಮಾಡುವ ದಿನ ಓದಿ ಹೇಳದ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ಅದು ರಾಜೀನಾಮೆ ಪತ್ರವಾಗಿದ್ದರೆ ಇಡೀ ಪ್ರಕರಣ ಅಲ್ಲಿಗೇ ಮುಗಿಯಬಹುದು.

ಕಳ್ಳತನ, ಜಗಳ, ಅವಿಧೇಯತೆ ಎಂದು ಆರೋಪ ಹೊರಿಸಿ ತೆಗೆಯುವುದು ಬೇರೆ ಬಗೆ. ಅಲ್ಲಿ ಲಿಖಿತ ಆರೋಪ, ಉತ್ತರಕ್ಕೆ ಸಮಯ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶವಿರುವ ವಿಚಾರಣೆ ಇರಲೇಬೇಕು. ವಿಚಾರಣೆಗಾಗಿ ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು. ಕೆಲಸಗಾರನ ತಪ್ಪಿಲ್ಲದೆ ವಿಚಾರಣೆ ಮುಂದೆ ಎಳೆದರೆ ಅದು ಮುಕ್ಕಾಲಾಗುತ್ತದೆ. ವಿಚಾರಣೆ ಸರಿಯಾಗಿಯೇ ನಡೆದಿದ್ದರೂ, ಶಿಕ್ಷೆ ತಪ್ಪಿಗೆ ಮೀರಿದ್ದು ಎನ್ನಿಸಿದರೆ ಅದನ್ನು ಇಳಿಸುವ ಅಧಿಕಾರ ನ್ಯಾಯಮಂಡಳಿಗಿದೆ.

240 ದಿನದ ಲೆಕ್ಕ

ಆರೋಪವೇನೂ ಇಲ್ಲದೆ, ಕೆಲಸ ಕಡಿಮೆಯಾಯಿತು, ಖರ್ಚು ಹೆಚ್ಚಾಯಿತು ಎಂದು ತೆಗೆಯುವುದನ್ನು ಕಾನೂನು ಶಿಕ್ಷೆಯ ವಜಾ ಅಲ್ಲ, ಕೆಲಸಗಾರರ ಕಡಿತ ಎಂದು ನೋಡುತ್ತದೆ. ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದವರನ್ನು ಹೀಗೆ ತೆಗೆಯಬೇಕಾದರೆ ಕಾರಣ ಬರೆದ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಕೂಲಿ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ಕೂಲಿ ಕೊಡಬೇಕು. ಕೊನೆಯಲ್ಲಿ ಆರು ತಿಂಗಳು ಮೀರಿದ ಭಾಗವಿದ್ದರೆ ಅದೂ ಒಂದು ವರ್ಷ. ಹೊಸ ಸಂಹಿತೆಯಲ್ಲಿ ಇದರ ಮೇಲೆ ಮರುಕೌಶಲ ನಿಧಿಗೆ ಮಾಲೀಕರು ಇನ್ನೂ 15 ದಿನದ ಕೂಲಿ ಕಟ್ಟಬೇಕು. ಅದು 45 ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು.

ದಿನಕ್ಕೆ 500 ರೂಪಾಯಿ ಕೂಲಿ, 12 ವರ್ಷದ ಸೇವೆ ಎಂದಿಟ್ಟುಕೊಳ್ಳೋಣ. ಕಡಿತದ ಪರಿಹಾರ 500 × 15 × 12, ಅಂದರೆ 90,000 ರೂಪಾಯಿ. ನೋಟಿಸು ಕೊಡದಿದ್ದರೆ 26 ದಿನದ ಲೆಕ್ಕದಲ್ಲಿ 13,000. ಮರುಕೌಶಲ ನಿಧಿಯಿಂದ 7,500. ಇಷ್ಟಲ್ಲದೆ ಗ್ರಾಚ್ಯುಟಿ ಪೂರ್ತಿ ಬೇರೆ: ಐದು ವರ್ಷ ದಾಟಿದವರಿಗೆ ಅದೂ ವರ್ಷಕ್ಕೆ 15 ದಿನದ ಕೂಲಿಯಂತೆ ಇನ್ನೊಂದು 90,000, ಮತ್ತು ಅದನ್ನು 30 ದಿನದೊಳಗೆ ಕೊಡಬೇಕು. ಒಂದನ್ನು ಕೊಟ್ಟು ಎಲ್ಲವೂ ಚುಕ್ತಾ ಎನ್ನುವುದು ಇಲ್ಲಿ ನಡೆಯುವ ದೊಡ್ಡ ಮೋಸ. ಕೆಲಸ ಮಾಡಿದ ದಿನಗಳ ಬಾಕಿ ಬಟವಾಡೆಯಂತೂ ಕೆಲಸ ಬಿಟ್ಟ ಅಥವಾ ತೆಗೆದ ಎರಡು ಕೆಲಸದ ದಿನಗಳೊಳಗೆ ಕೈಗೆ ಬರಬೇಕು.

ತೊಡಕಿರುವುದು 240 ದಿನವನ್ನು ತೋರಿಸುವುದರಲ್ಲಿ. ಅದನ್ನು ಸಾಬೀತು ಮಾಡುವ ಹೊಣೆ ಕೆಲಸಗಾರನದೇ, ಬರೀ ಪ್ರಮಾಣಪತ್ರ ಸಾಲದು ಎಂದು 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚೆಕ್‌ರೋಲ್ ಇರುವುದು ಮಾಲೀಕರ ಕಪಾಟಿನಲ್ಲಿ. ಆದ್ದರಿಂದ ಕೆಲಸಗಾರ ಮೊದಲು ಸಾಕ್ಷಿ ಪೆಟ್ಟಿಗೆಯಲ್ಲಿ ನಿಂತು ತನ್ನ ಕೆಲಸದ ವಿವರ ಹೇಳಬೇಕು, ಆಮೇಲೆ ಇಂಥ ವರ್ಷಗಳ ಚೆಕ್‌ರೋಲ್ ಮತ್ತು ಬಟವಾಡೆ ಪುಸ್ತಕ ತರಿಸಿ ಎಂದು ಅರ್ಜಿ ಕೊಡಬೇಕು. ತರಿಸಿ ಎಂದ ಮೇಲೂ ಮಾಲೀಕರು ತರದಿದ್ದರೆ ನ್ಯಾಯಾಲಯ ಅವರ ವಿರುದ್ಧವಾಗಿ ಅರ್ಥ ಮಾಡಿಕೊಳ್ಳಬಹುದು. ಎಷ್ಟೋ ಪ್ರಕರಣಗಳು ಸೋಲುವುದು ಆ ಅರ್ಜಿ ಹಾಕದೆ ಇದ್ದದ್ದಕ್ಕೆ.

ನಿಮ್ಮ ಕಡೆಯಿಂದ ಒಂದು ಚಿಕ್ಕ ಕ್ಯಾಲೆಂಡರ್ ಸಾಕು. ಪ್ರತಿದಿನ ಯಾವ ಬ್ಲಾಕಿನಲ್ಲಿ ಯಾವ ಕೆಲಸ ಎಂದು ಒಂದು ಪದ ಬರೆಯಿರಿ: ಕೊಯ್ಲು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಗೊಬ್ಬರ, ಕಳೆ. ಬಟವಾಡೆಯ ದಿನ ಕೊಟ್ಟ ಚೀಟಿಯ ಫೋಟೊ, ಖಾತೆಗೆ ಹಣ ಬಂದಿದ್ದರೆ ಪಾಸ್‌ಬುಕ್, ಮೇಸ್ತ್ರಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಎಲ್ಲವೂ ಬೇಕು. ಸಂಬಳಸಹಿತ ರಜೆ, ಹೆರಿಗೆ ರಜೆ, ಕೆಲಸದಲ್ಲಿ ಗಾಯವಾಗಿ ಮಲಗಿದ್ದ ದಿನಗಳು ಇವೂ 240ರ ಲೆಕ್ಕಕ್ಕೆ ಸೇರುತ್ತವೆ ಎನ್ನುವುದನ್ನು ಮರೆಯಬೇಡಿ. ಕೈ ಮುರಿದು ಎರಡು ತಿಂಗಳು ಮನೆಯಲ್ಲಿದ್ದವರಿಗೆ "ನಿನ್ನ ದಿನ ತುಂಬಿಲ್ಲ" ಎನ್ನಲು ಬರುವುದಿಲ್ಲ.

ಕೊಯ್ಲಿಗೆ ಮಾತ್ರ ಬಂದು ಮಾರ್ಚ್‌ಗೆ ಹೊರಡುವವರಿಗೆ 240 ದಿನ ತುಂಬುವುದಿಲ್ಲ, ಕಡಿತದ ಪರಿಹಾರವೂ ಇಲ್ಲ. ಅಪಘಾತದ ಪರಿಹಾರಕ್ಕೆ ಮಾತ್ರ ದಿನದ ಲೆಕ್ಕವೇ ಇಲ್ಲ. ಮೊದಲನೆಯ ದಿನ ಬಿದ್ದರೂ ಅದು ಸಿಗಬೇಕು.

ಎಲ್ಲಿಗೆ, ಎಷ್ಟು ದಿನದೊಳಗೆ

ವಜಾ ವಿವಾದ ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಬಳಿ. ಕೊಡಗಿನವರಿಗೆ ಮಡಿಕೇರಿಯ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ಅರ್ಜಿ ಎಲ್ಲಿ ಕೊಡಬೇಕೆಂದು ಹೇಳುತ್ತಾರೆ. ಯೂನಿಯನ್ ಇಲ್ಲದ ಒಬ್ಬಂಟಿ ಕೆಲಸಗಾರನೂ ವಜಾ ವಿಚಾರದಲ್ಲಿ ತಾನೇ ಅರ್ಜಿ ಕೊಡಬಹುದು. ಅರ್ಜಿಯಲ್ಲಿ ತೋಟದ ಹೆಸರು ವಿಳಾಸ, ಕೆಲಸಕ್ಕೆ ಸೇರಿದ ವರ್ಷ, ದಿನಗೂಲಿ, ಕೆಲಸ ನಿರಾಕರಿಸಿದ ತಾರೀಖು ಇರಲಿ. ಕೊನೆಗೆ ಬೇಡಿಕೆ ಸ್ಪಷ್ಟವಾಗಿರಲಿ: ಹಿಂಬಾಕಿ ಕೂಲಿ ಮತ್ತು ಸೇವೆಯ ಮುಂದುವರಿಕೆಯೊಂದಿಗೆ ಮರಳಿ ಕೆಲಸ. "ನ್ಯಾಯ ಕೊಡಿಸಿ" ಎಂದಷ್ಟೇ ಬರೆದರೆ ಮುಂದೆ ಏನು ಕೇಳಿದ್ದರು ಎನ್ನುವುದೇ ಗೊಂದಲವಾಗುತ್ತದೆ. ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.

ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷವಾದ ಮೇಲೆ ಸಂಧಾನ ನಡೆಸುವಂತಿಲ್ಲ. ಹಳೆಯ ಕಾಯ್ದೆಯಲ್ಲಿ ನ್ಯಾಯಾಲಯಕ್ಕೆ ನೇರ ಹೋಗಲು ಮೂರು ವರ್ಷವಿತ್ತು, ಆ ನೆನಪಿನಲ್ಲಿ ಕಾಯುವವರು ಕೆಡುತ್ತಾರೆ. ಸಂಧಾನಕ್ಕೆ 45 ದಿನ. ಒಪ್ಪಂದವಾಗದಿದ್ದರೆ ಅಧಿಕಾರಿ ವರದಿ ಕೊಡುತ್ತಾರೆ. ವರದಿ ಕೈ ಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಈ 90 ದಿನದಲ್ಲೇ ಜನ ಜಾರುವುದು. ಹಿಂದೆ ಸರ್ಕಾರವೂ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸುತ್ತಿತ್ತು, ಈಗ ಕೆಲಸಗಾರನೇ ಹೋಗಬೇಕು. ಹೊಸ ನ್ಯಾಯಮಂಡಳಿಗಳು ರೂಪುಗೊಳ್ಳುವವರೆಗೆ ಹಳೆಯ ಕಾರ್ಮಿಕ ನ್ಯಾಯಾಲಯಗಳೇ ಕೆಲಸ ಮಾಡುತ್ತವೆ. ಮಡಿಕೇರಿಯಿಂದ ಮೈಸೂರಿಗೆ ಓಡಾಡಲು ಕೂಲಿ ಕಳೆದುಕೊಳ್ಳಬೇಕಾಗುತ್ತದೆ, ನಿಜ. ಆದರೆ ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ತೋಟದ ಲೈನ್ ಮನೆಗಳಲ್ಲಿರುವ (ಕೆಲಸಗಾರರ ಸಾಲುಮನೆ) ಪರಿಶಿಷ್ಟ ಪಂಗಡದ ಎರವ, ಜೇನು ಕುರುಬ ಕುಟುಂಬಗಳು ಆದಾಯ ಪ್ರಮಾಣಪತ್ರವಿಲ್ಲದೆಯೂ ಇದಕ್ಕೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ವಜಾ ತಪ್ಪು ಎಂದು ತೀರ್ಮಾನವಾದರೆ ಹಿಂಬಾಕಿ ಕೂಲಿಯೊಂದಿಗೆ ಮರುನೇಮಕ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೂ ದಿನಗೂಲಿಗಳ ವಿಷಯದಲ್ಲಿ ಮರುನೇಮಕದ ಬದಲು ಒಂದು ಮೊತ್ತ ಕೊಡಿಸಿ ಮುಗಿಸುವ ತೀರ್ಪುಗಳೂ ಸಾಕಷ್ಟಿವೆ. ಕೆಲಸ ಹೋದ ಮೇಲೆ ಬೇರೆಡೆ ಸಿಕ್ಕ ಕೂಲಿಯನ್ನು ಮುಚ್ಚಿಡಬೇಡಿ. ಸಿಕ್ಕಿಬಿದ್ದರೆ ಉಳಿದ ಸತ್ಯವನ್ನೂ ನಂಬುವುದಿಲ್ಲ.

ಏಣಿ, ತಂತಿ, ಔಷಧಿ

ಫೆಬ್ರವರಿಯಿಂದ ಕರಿಮೆಣಸಿನ ಕೊಯ್ಲು, ಮಳೆಗೆ ಮುಂಚೆ ಮರಗಸಿ. ಎರಡಕ್ಕೂ ಉದ್ದದ ಏಣಿ ಬೇಕು. ಹಗುರ ಎಂದು ಅಲ್ಯೂಮಿನಿಯಂ ಏಣಿ ತೋಟಗಳಿಗೆ ಬಂದ ಮೇಲೆ ಸಾವು ಬರುವ ದಾರಿಯೂ ಬದಲಾಗಿದೆ. ಎಷ್ಟೋ ಸಲ ಅಪಘಾತವಾಗುವುದು ಮರದ ಮೇಲಿದ್ದಾಗಲ್ಲ, ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ನೆಟ್ಟಗೆ ಹಿಡಿದು ನಡೆಯುವಾಗ. ಕಣ್ಣು ನೆಲದ ಮೇಲಿರುತ್ತದೆ, ಕಾಫಿ ಗಿಡದ ಬುಡ, ಚರಂಡಿ, ಕಲ್ಲು ನೋಡಿಕೊಂಡು. ಏಣಿಯ ತುದಿ ಮೇಲೆ ಸಿಲ್ವರ್ ಮರದ ಎಲೆಗಳ ನಡುವೆ ಕಾಣದಂತೆ ಹೋಗುತ್ತಿರುತ್ತದೆ. ತೋಟದ ಮೇಲೆ ಹಾದುಹೋಗುವ 11 ಕೆವಿ ತಂತಿ ಎರಡು ಕಂಬಗಳ ನಡುವೆ ಜೋತು ಕೆಳಗಿಳಿದಿರುತ್ತದೆ. ತುದಿ ತಾಗುವುದೇ ಬೇಡ, ತೀರಾ ಹತ್ತಿರ ಹೋದರೂ ಕರೆಂಟ್ ಹಾರಿ ಬರಬಹುದು. ಹಿಡಿದವರು ಇಬ್ಬರಿದ್ದರೆ ಇಬ್ಬರಿಗೂ ಹೊಡೆಯುತ್ತದೆ.

ತಡೆಯುವುದು ಹೇಗೆಂದು ಎಲ್ಲರಿಗೂ ಗೊತ್ತಿದೆ, ಮಾಡುವುದಿಲ್ಲ ಅಷ್ಟೇ. ಏಣಿಯನ್ನು ಮಲಗಿಸಿಕೊಂಡೇ ಸಾಗಿಸಬೇಕು. ತಂತಿ ಹಾದುಹೋಗುವ ಸಾಲುಗಳಿಗೆ ಫೈಬರ್ ಏಣಿಯೇ ಇರಬೇಕು. ಬಿದಿರಾದರೆ ಚೆನ್ನಾಗಿ ಒಣಗಿರಬೇಕು, ಹಸಿ ಬಿದಿರೂ ಕರೆಂಟ್ ಹಾಯಿಸುತ್ತದೆ. ಆ ಸಾಲುಗಳ ಮರಗಳಿಗೆ ಬಣ್ಣದ ಗುರುತು ಹಾಕಿ, ಸೆಸ್ಕ್ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಗೆ ಮೊದಲೇ ಬರೆದುಕೊಟ್ಟು ಲೈನ್ ಆಫ್ ಮಾಡಿಸಿಕೊಂಡ ದಿನ ಮಾತ್ರ ಅಲ್ಲಿ ಕೆಲಸ ಮಾಡಿಸಬೇಕು. ಜೋತ ತಂತಿ ಕಂಡರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಡಬೇಕು. ದೂರು ಕೊಟ್ಟ ಮೇಲೂ ಅಲ್ಲೇ ಕೆಲಸಕ್ಕೆ ಇಳಿಸಿದರೆ ಅಪಾಯ ಗೊತ್ತಿದ್ದೇ ಕಳಿಸಿದರು ಎನ್ನಲು ಆ ಸಂಖ್ಯೆಯೇ ಸಾಕ್ಷಿ.

ಔಷಧಿಯ ವಿಷಯದಲ್ಲಿ ಕಾನೂನು ಇನ್ನೂ ವಿವರವಾಗಿದೆ. ಐದು ಹೆಕ್ಟೇರ್ ಮತ್ತು ಮೇಲ್ಪಟ್ಟ ಕಾಫಿ, ಏಲಕ್ಕಿ, ರಬ್ಬರ್, ಚಹಾ ತೋಟಗಳಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಸುರಕ್ಷತಾ ಸಂಹಿತೆ ಅನ್ವಯಿಸುತ್ತದೆ. ಅಲ್ಲಿ ಕೀಟನಾಶಕ ಮುಟ್ಟುವವರಿಗೆ ತರಬೇತಿ, ರಕ್ಷಣಾ ಉಡುಪು, ತೊಳೆದುಕೊಳ್ಳಲು ವ್ಯವಸ್ಥೆ, ಆಗಾಗ ವೈದ್ಯಕೀಯ ತಪಾಸಣೆ ಮತ್ತು ಅದರ ದಾಖಲೆ ಮಾಲೀಕರ ಹೊಣೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಓದುಬರಹ ಇಲ್ಲದವರೂ ಗುರುತಿಸಬಹುದು: ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಕಾಫಿಯ ಕೊರಕ ಹುಳುವಿಗೆ ಬಳಸುತ್ತ ಬಂದ ಕ್ಲೋರ್‌ಪೈರಿಫಾಸ್ ಹಳದಿ ಗುಂಪಿನದು. ಹೊಡೆದವರಿಗೆ ಬೆವರು, ಜೊಲ್ಲು, ವಾಂತಿ ಶುರುವಾಗಿ ಕಣ್ಣಿನ ಪಾಪೆ ಚುಕ್ಕೆಯಷ್ಟಾದರೆ ಕಾಯುವ ಹೊತ್ತಲ್ಲ. ಬಟ್ಟೆ ಬಿಚ್ಚಿ ಸೋಪಿನಲ್ಲಿ ಮೈ ತೊಳೆದು, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಯಾವ ವಿಷ ಎಂದು ಗೊತ್ತಾದರೆ ವೈದ್ಯರಿಗೆ ಸರಿಯಾದ ಪ್ರತಿವಿಷ ಕೊಡುವುದು ಸುಲಭವಾಗುತ್ತದೆ. ಬೋರ್ಡೋ ದ್ರಾವಣ ಸುರಕ್ಷಿತ ಎನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುವಾಗ ಸುಣ್ಣ ಅರಳುವ ಹೊತ್ತಿನಲ್ಲಿ ಸಿಡಿದರೆ ಕಣ್ಣು ಸುಡುತ್ತದೆ. ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆಯದೆ ಆಸ್ಪತ್ರೆಗೆ ಓಡಿದರೆ ದಾರಿಯಲ್ಲೇ ಕಣ್ಣು ಹಾಳಾಗುತ್ತದೆ.

ಪ್ರಾಣಕ್ಕೆ ಅಪಾಯ ಕಂಡರೆ ಮಾಲೀಕರಿಗೂ ಇಲಾಖೆಯ ಪರಿವೀಕ್ಷಕರಿಗೂ ಒಟ್ಟಿಗೆ ತಿಳಿಸುವ ಹಕ್ಕು ಕೆಲಸಗಾರನಿಗಿದೆ. ಸುರಕ್ಷತಾ ಕರ್ತವ್ಯ ಮೀರಿದ್ದರಿಂದ ಸಾವಾದರೆ ಮಾಲೀಕರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಕುಟುಂಬಕ್ಕೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಪರಿಹಾರ ಎಷ್ಟು, ಯಾರಿಂದ

ಪರಿಹಾರ ಕೇಳಲು ಮಾಲೀಕರ ತಪ್ಪು ತೋರಿಸಬೇಕಿಲ್ಲ. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಎಂದರೆ ಸಾಕು. ಕುಡಿದಿದ್ದ, ಹೇಳಿದ ಮಾತು ಕೇಳಲಿಲ್ಲ ಎನ್ನುವ ನೆಪಗಳು ಸಾವು ಮತ್ತು ಪೂರ್ಣ ಶಾಶ್ವತ ಅಂಗವೈಕಲ್ಯದಲ್ಲಿ ನಡೆಯುವುದೇ ಇಲ್ಲ.

ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕದಿಂದ ಗುಣಿಸುತ್ತಾರೆ. 2020ರ ಅಧಿಸೂಚನೆಯಂತೆ ತಿಂಗಳ ಕೂಲಿ 15,000 ದಾಟಿದರೂ ಲೆಕ್ಕ 15,000ಕ್ಕೇ. 40 ವರ್ಷಕ್ಕೆ ಅಂಕ 184.17. ತಿಂಗಳಿಗೆ 13,000 ಕೂಲಿಯವರಿಗೆ 6,500 × 184.17, ಅಂದರೆ 11,97,105 ರೂಪಾಯಿ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅರ್ಧದ ಬದಲು ಶೇ 60, ಆಗ 14,36,526. ಕೈಯ ಹೆಬ್ಬೆರಳು ಹೋದರೆ ಅದರ ಶೇ 30. ವಯಸ್ಸಿನ ದಾಖಲೆ ಎಷ್ಟು ಮುಖ್ಯ ನೋಡಿ: ಅದೇ ವ್ಯಕ್ತಿಯ ಆಧಾರ್‌ನಲ್ಲಿ ಅಂದಾಜಿಗೆ 50 ಎಂದು ಬರೆದಿದ್ದರೆ ಅಂಕ 153.09ಕ್ಕೆ ಇಳಿದು ಕುಟುಂಬಕ್ಕೆ ಎರಡು ಲಕ್ಷಕ್ಕೂ ಹೆಚ್ಚು ನಷ್ಟ. ಹಾಡಿಗಳಲ್ಲಿ ಹುಟ್ಟಿದ ತಾರೀಖು ಗೊತ್ತಿಲ್ಲದೆ ಅಂದಾಜು ವಯಸ್ಸು ಬರೆಸಿಕೊಂಡವರು ಶಾಲೆಯ ದಾಖಲೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಗುಣವಾಗುವ ಗಾಯಕ್ಕೆ ಪ್ರತಿ ಹದಿನೈದು ದಿನಕ್ಕೆ ತಿಂಗಳ ಕೂಲಿಯ ಕಾಲುಭಾಗ, ಜೊತೆಗೆ ಚಿಕಿತ್ಸೆಯ ಖರ್ಚು. ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡ. ಅರ್ಜಿಗೆ ಎರಡು ವರ್ಷ ಗಡುವು.

ಇದು ಕೆಡುವುದು ಆಸ್ಪತ್ರೆಯ ಚೀಟಿಯಲ್ಲೇ. ಗಾಯಾಳುವನ್ನು ಕರೆತಂದವರು "ಮನೆಯಲ್ಲಿ ಬಿದ್ದ" ಎಂದು ಬರೆಸಿಬಿಡುತ್ತಾರೆ. ಯಾವ ತೋಟದಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಗಂಟೆಗೆ ಎಂದು ಮೊದಲ ಚೀಟಿಯಲ್ಲೇ ಬರೆಸಬೇಕು. ಅಸ್ಸಾಂನಿಂದ ಬಂದ ಕೆಲಸಗಾರರಿಗೆ ಕನ್ನಡ ಬಾರದಿದ್ದರೆ ಅವರ ಕಡೆಯ ಒಬ್ಬರು ಜೊತೆಗಿರಲಿ. "ಅವರು ಕಂಟ್ರಾಕ್ಟ್ ಮೇಸ್ತ್ರಿಯ ಆಳುಗಳು, ನಮಗೆ ಸಂಬಂಧವಿಲ್ಲ" ಎನ್ನುವುದೂ ನಿಲ್ಲುವುದಿಲ್ಲ. ತೋಟದ ಎಂದಿನ ಕೆಲಸಕ್ಕೆ ಗುತ್ತಿಗೆಯಲ್ಲಿ ತಂದವರಿಗೂ ತೋಟದ ಮಾಲೀಕರೇ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಬಹುದು.

ಕೆಲಸಕ್ಕೆ ಬರುವ ಹೋಗುವ ದಾರಿಯ ಅಪಘಾತವೂ ಕೆಲಸಕ್ಕೆ ಸಂಬಂಧ ತೋರಿಸಿದರೆ ಹೊಸ ಸಂಹಿತೆಯಲ್ಲಿ ಸೇರಿದೆ. ಪಿಕಪ್, ಜೀಪು ಮಗುಚಿದ ಪ್ರಕರಣಗಳಲ್ಲಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕೋ ಪರಿಹಾರ ಅಧಿಕಾರಿಯ ಬಳಿಗೋ ಎಂದು ಮೊದಲೇ ವಕೀಲರೊಂದಿಗೆ ಕೂತು ತೀರ್ಮಾನಿಸಿ, ಎರಡರಲ್ಲೂ ಕೇಳುವಂತಿಲ್ಲ. ಮಾಲೀಕರು ಕೊಟ್ಟ ಲೈನ್ ಮನೆ ಕುಸಿದು ಕೆಲಸಗಾರ ಅಥವಾ ಮನೆಯವರು ಸತ್ತರೆ, ಗಾಯಗೊಂಡರೆ ಅದಕ್ಕೂ ಪರಿಹಾರವಿದೆ. ಆದರೆ ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಇದೆ. ಜಡಿಮಳೆಯ ಜಿಲ್ಲೆಯಲ್ಲಿ ಈ ವಿನಾಯಿತಿಯನ್ನೇ ಮುಂದೆ ಮಾಡುತ್ತಾರೆ. ಆದ್ದರಿಂದ ಗೋಡೆ ಬಿರುಕುಬಿಟ್ಟಾಗಲೇ ತಾರೀಖು ಕಾಣುವಂತೆ ಫೋಟೊ ತೆಗೆದು ರಿಪೇರಿ ಕೇಳಿ ಬರೆದುಕೊಟ್ಟಿರಬೇಕು. ತೋಟದಲ್ಲಿ ಕೆಲಸದ ಹೊತ್ತಿನಲ್ಲಿ ಕಾಡಾನೆ ತುಳಿದರೆ ಅರಣ್ಯ ಇಲಾಖೆಯ ಪರಿಹಾರ ಬೇರೆ, ಮಾಲೀಕರಿಂದ ಕೇಳಬಹುದಾದ ಪರಿಹಾರ ಬೇರೆ.

ಸಾವಿನ ನಂತರ ಊರಿನ ಹಿರಿಯರು ಕೂತು ಒಂದೆರಡು ಲಕ್ಷ ಕೊಡಿಸಿ, ಮುಂದೆ ಏನೂ ಕೇಳುವುದಿಲ್ಲ ಎಂದು ಬರೆಸಿಕೊಳ್ಳುವ ರೂಢಿ ಇದೆ. ಸಾವಿನ ಪರಿಹಾರವನ್ನು ಪರಿಹಾರ ಅಧಿಕಾರಿಯ ಬಳಿ ಠೇವಣಿ ಇಡಬೇಕೇ ಹೊರತು ನೇರ ಕೈಗೆ ಕೊಟ್ಟದ್ದು ಪರಿಹಾರ ಎನಿಸುವುದಿಲ್ಲ. ಹಕ್ಕು ಬಿಟ್ಟುಕೊಟ್ಟ ಆ ಕಾಗದಕ್ಕೂ ಬೆಲೆಯಿಲ್ಲ. ಸಹಿ ಹಾಕಿದ ಕುಟುಂಬವೂ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು.

ಐದಾರು ಏಕರೆಯ ಸಣ್ಣ ಬೆಳೆಗಾರರಿಗೆ ಈ ಮೊತ್ತ ಕೇಳಿ ಗಾಬರಿಯಾಗುವುದು ಸಹಜ. ಪರಿಹಾರದ ಹೊಣೆ ತೋಟ ಸಣ್ಣದೆಂದು ತಪ್ಪುವುದಿಲ್ಲ, ಒಂದು ಸಾವಿಗೆ ತೋಟವೇ ಹೋಗಬಹುದು. ನೌಕರರ ಪರಿಹಾರ ವಿಮೆ ಸಿಗುತ್ತದೆ. ಮಾಡಿಸುವಾಗ ಮೂರು ವಿಷಯ ನೋಡಿಕೊಳ್ಳಿ: ಕೊಯ್ಲಿನ ತಿಂಗಳುಗಳಲ್ಲಿ ಹೆಚ್ಚುವ ಆಳುಗಳ ಸಂಖ್ಯೆ ಸೇರಿದೆಯೇ, ಗುತ್ತಿಗೆಯ ಆಳುಗಳು ಸೇರಿದ್ದಾರೆಯೇ, ಕೆಲಸದ ವಿವರದಲ್ಲಿ ಮರ ಹತ್ತುವುದು ಎಂದು ಬರೆದಿದೆಯೇ. ಪ್ರೀಮಿಯಂ ಉಳಿಸಲು "ಸಾಮಾನ್ಯ ಕೃಷಿ ಕೆಲಸ, ಐದು ಆಳು" ಎಂದು ಬರೆಸಿದವರ ತೋಟದಲ್ಲಿ ಹನ್ನೆರಡನೆಯವನು ಏಣಿಯಿಂದ ಬಿದ್ದರೆ ಕಂಪನಿ ತಕರಾರು ತೆಗೆಯುತ್ತದೆ. ತಡಮಾಡಿದ್ದಕ್ಕೆ ಬೀಳುವ ದಂಡವನ್ನಂತೂ ಬೆಳೆಗಾರರೇ ಕಟ್ಟಬೇಕು.